ದಾರಿ ಇಲ್ಲದ ಪುಟ

ದೆವ್ವ, ಭೂತ, ಸತ್ತವರು ಬಂದು ಮಾತಾಡಿದರು ಎನ್ನುವುದು, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ನಂಬುತ್ತಿರಲಿಲ್ಲ ಅಷ್ಟೇ ಅಲ್ಲ, ನಂಬುವವರನ್ನು ಆಡಿಕೊಂಡು ನಗುವ ಕೆಟ್ಟ ಚಾಳಿಯೂ ಇತ್ತು. ಕೂಡ್ಲಿಗಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಸಾಕು, 'ಅದು ಬಂದಾಗ ನೀವು ಎಚ್ಚರ ಇದ್ರೇನ್ರಿ?' ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಿದರೆ ಬೇಸರ ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಎಚ್ಚರವಿದ್ದೆ. ನಾಲ್ಕು ವರ್ಷದ ಹಿಂದೆ, ಹಗರಿಬೊಮ್ಮನಹಳ್ಳಿಯ ಒಂದು ಸಭಾಂಗಣ, ಮಧ್ಯಾಹ್ನ ಮೂರೂವರೆ ಗಂಟೆ, ಸುತ್ತ ಐವತ್ತು ಅರವತ್ತು ಜನ. ಕಂಡದ್ದು ಯಾವ ಹುಣಸೆ ಮರದ ಮೇಲೂ ಅಲ್ಲ, ನನ್ನದೇ ಮೊಬೈಲಿನಲ್ಲಿ.

ಮೊದಲು ರೇಣುಕಾಳ ವಿಷಯ ಹೇಳಬೇಕು. ಅವಳು ಕೊಟ್ಟೂರಿನವಳು, ಅಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಹರಪನಹಳ್ಳಿಯಲ್ಲಿ ನಡೆದ ಒಂದು ತರಬೇತಿಯಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತವರು. ಮೂರನೆಯ ದಿನಕ್ಕೆ ಒಬ್ಬರ ಡಬ್ಬಿಗೆ ಒಬ್ಬರು ಕೈಹಾಕುವಷ್ಟು ಸಲುಗೆಯಾಯಿತು. ಮದುವೆಯಾಗದೆ ತಾಯಿಯ ಜೊತೆಗಿದ್ದಳು. ತಾಯಿ ಹಾಲವ್ವನಿಗೆ ಎಪ್ಪತ್ತು ದಾಟಿತ್ತು. ಕುರಿ ಸಾಕಿ ಕಂಬಳಿ ನೇಯುತ್ತಿದ್ದ ಮನೆ ಅದು. ರೇಣುಕಾಳ ತಂದೆ ಹೋದ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಅಣ್ಣ ಮೈಲಾರಿ ಹಡಗಲಿ ಕಡೆ ಹೊಲ ಮಾಡಿಕೊಂಡು ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಇದ್ದ. ಹಾಲವ್ವ ಮಾತ್ರ ದಿನವೂ ಉಣ್ಣೆ ಹಿಂಜಿಕೊಂಡು ಕದಿರು ತಿರುಗಿಸುತ್ತ ಕೂರುತ್ತಿದ್ದಳು. ಯಾರಿಗೆ ನೂಲುತ್ತೀ ಎಂದರೆ ಕೈ ಸುಮ್ಮನಿರೋದಿಲ್ಲ ಎನ್ನುತ್ತಿದ್ದಳು.

ನಾನು ಕನ್ನಡ ಟೀಚರು, ಅವಳು ಕಂಪ್ಯೂಟರಿನವಳು. ಇಬ್ಬರೂ ಸೇರಿ ಒಂದು ಕಥೆ ಮಾಡೋಣ ಎಂದವಳು ಅವಳೇ. ಪುಸ್ತಕದ ಕಥೆಯಲ್ಲ, ಇಂಟರ್ನೆಟ್ಟಿನಲ್ಲಿ ಓದುವ ಕಥೆ. ಒಂದು ಪುಟ ಓದುವಾಗ ನಡುವೆ ಕೆಲವು ಮಾತು ಕೆಂಪಾಗಿರುತ್ತವೆ. ಯಾವುದನ್ನು ಬೆರಳಿನಿಂದ ಮುಟ್ಟುತ್ತೀರೋ ಆ ಕೊಂಡಿ ನಿಮ್ಮನ್ನು ಇನ್ನೊಂದು ಪುಟಕ್ಕೆ ಒಯ್ಯುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಒಬ್ಬರು ಓದಿದ ಕಥೆ ಇನ್ನೊಬ್ಬರಿಗೆ ಸಿಗದೇ ಹೋಗಬಹುದು. ಇದಕ್ಕೆ ನಾವು ಕವಲುಕಥೆ ಎಂದು ಹೆಸರಿಟ್ಟುಕೊಂಡೆವು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಂಜೆ ನಾಲ್ಕು ಜನಕ್ಕೆ ಬಸ್ಸು ತಪ್ಪುತ್ತದೆ. ಕೂಡ್ಲಿಗಿಗೆ ಹೋಗುವವನೊಬ್ಬ, ಹಡಗಲಿಗೆ ಒಬ್ಬಳು, ಹರಪನಹಳ್ಳಿಗೆ ಒಬ್ಬಳು, ಹಗರಿಬೊಮ್ಮನಹಳ್ಳಿಗೆ ಒಬ್ಬ. ಅವರ ಸುತ್ತ ನಾವು ಎರಡು ವರ್ಷದಲ್ಲಿ ಐವತ್ತೆಂಟು ಪುಟ ಬರೆದೆವು. ಪ್ರತಿ ಪುಟದ ಕೆಳಗೆ ಓದುಗ ಹಾದುಬಂದ ಪುಟಗಳ ಹೆಸರು ಸಾಲಾಗಿ ಕಾಣುವಂತೆ ರೇಣುಕಾ ಮಾಡಿದ್ದಳು. ಆ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರೆದೆವೇನೋ ಸರಿ, ಕೊಂಡಿಗಳು ಮಾತ್ರ ಗೋಜಲಾದವು. ನಮ್ಮ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳಿಗೆ ಓದಲು ಕೊಟ್ಟರೆ, 'ಟೀಚರ್, ಆರು ಸಲ ಅದ ಹೋಟ್ಲಾಗ ಚಾ ಕುಡ್ದೆ, ಬಸ್ಸ ಬರವಲ್ದು' ಎಂದಳು. ನಗು ಬಂತು, ಜೊತೆಗೆ ಸಿಟ್ಟೂ ಬಂತು, ಯಾಕೆಂದರೆ ಅವಳು ಹೇಳಿದ್ದು ನಿಜ. ಅಷ್ಟೂ ದಾರಿಗಳನ್ನು ಬಿಚ್ಚಿ ಮತ್ತೆ ಕಟ್ಟದೆ ಗತಿಯಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೆ ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಆಗ ಉಪಾಯ ಹೇಳಿದವಳು ಹಾಲವ್ವ. 'ನೆಲದ ಮ್ಯಾಲ ಹಾಸ್ರಿ. ಹಾಸು ಕಣ್ಣಿಗೆ ಕಂಡ್ರ ತಪ್ಪೆಲ್ಲೈತಿ ಅಂತ ತಾನ ಗೊತ್ತಾಕೈತಿ' ಎಂದಳು. ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆ, ಹೂಡುವವರ ಮಾತು.

ಅಂದಿನಿಂದ ಭಾನುವಾರ ಬಂತೆಂದರೆ ನಾನು ಕೂಡ್ಲಿಗಿಯಿಂದ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಹೋಗುತ್ತಿದ್ದೆ. ಅವರ ಪಡಸಾಲೆಯ ತುಂಬ ಹಾಳೆ ಹರವಿ, ಹಾರದಂತೆ ಒಂದೊಂದರ ಮೇಲೆ ಕಲ್ಲಿಟ್ಟು, ಹಾಲವ್ವ ನೂತ ಉಣ್ಣೆಯ ದಾರದಿಂದ ಹಾಳೆಯಿಂದ ಹಾಳೆಗೆ ದಾರಿ ಎಳೆಯುತ್ತಿದ್ದೆವು. ಉಳಿಸಿಕೊಳ್ಳುವ ದಾರಿಗೆ ಕರಿ ದಾರ, ತೆಗೆದು ಹಾಕುವ ದಾರಿಗೆ ಬಿಳಿ ದಾರ. ಸಂಜೆಗೆ ರೇಣುಕಾ ಅದನ್ನೆಲ್ಲ ನೋಡಿ ಕಂಪ್ಯೂಟರಿನಲ್ಲಿ ಕೂಡಿಸುತ್ತಿದ್ದಳು. ಒಂದು ಕರಾರು ಮಾಡಿಕೊಂಡಿದ್ದೆವು. ಯಾವ ದಾರಿಯನ್ನು ಬೇಕಾದರೂ ಕಡಿಯಬಹುದು, ಆದರೆ ಯಾವ ಪುಟಕ್ಕೂ ಒಂದಾದರೂ ದಾರಿ ಇಲ್ಲದಂತೆ ಮಾಡಬಾರದು. ಇಬ್ಬರೂ ಒಪ್ಪದೆ ಯಾವ ಪುಟವೂ ಕಥೆಯಿಂದ ಹೋಗಬಾರದು. ಆ ವರ್ಷದ ಭಾನುವಾರಗಳು ನನ್ನ ಬದುಕಿನಲ್ಲಿ ಬಹಳ ಸುಖದ ದಿನಗಳಾಗಿದ್ದವು. ಹಾಲವ್ವನ ಕೈಯ ರೊಟ್ಟಿ, ಹುರುಳಿ ಕಾಳಿನ ಪಲ್ಯ ತಿಂದು, ಆ ನೆಲದ ಮೇಲೇ ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದೆ.

ಐವತ್ತೆಂಟು ಪುಟಗಳಲ್ಲಿ ಒಂದು ಮಾತ್ರ ಕಟ್ಟುಕಥೆಯಲ್ಲ. ಅದಕ್ಕೆ 'ಸ್ಟೇಷನ್ ಬೆಂಚು' ಎಂದು ಹೆಸರು. ನನ್ನ ಅಕ್ಕ ಗಂಗಳ ಬಗ್ಗೆ ಬರೆದದ್ದು. ನಮ್ಮದು ಉಜ್ಜಿನಿ ಹತ್ತಿರದ ಹಳ್ಳಿ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಅಕ್ಕ ಒಂದು ದಿನ ಕೊಟ್ಟೂರಿಗೆ ಹೋಗಿ ರವಿಕೆ ಬಟ್ಟೆ ತರುತ್ತೇನೆ ಎಂದು ಹೋದವಳು ಸಂಜೆಗೆ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವಳು ಸಿಕ್ಕಿದ್ದು ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನ ಬೆಂಚಿನ ಮೇಲೆ. ಆಗ ಅಲ್ಲಿ ರೈಲು ಸರಿಯಾಗಿ ಓಡುತ್ತಲೂ ಇರಲಿಲ್ಲ. ಬರಿಗಾಲು, ಮೈ ಕೆಂಡದಂತೆ ಸುಡುವ ಜ್ವರ, ಮೇಲೆ ಯಾರದೋ ಹೊಸ ಕಂಬಳಿ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು, ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಹೋದಳು. ಅಲ್ಲಿಗೆ ಯಾಕೆ ಹೋದಳು, ದಾರಿಯಲ್ಲಿ ಯಾರನ್ನು ಕಂಡಳು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆ ಕಂಬಳಿ ನಮ್ಮ ಟ್ರಂಕಿನಲ್ಲಿ ಉಳಿಯಿತು, ಈಗ ನನ್ನ ಬಳಿ ಇದೆ. ಆ ಹೊತ್ತಿನಲ್ಲಿ ಅವಳಿಗೆ ಕಂಬಳಿ ಹೊದಿಸಿದ ಕೈ ಯಾರದೋ ಗೊತ್ತಿಲ್ಲ, ಎಲ್ಲಿದ್ದರೂ ಆ ಕೈ ತಣ್ಣಗಿರಲಿ ಎಂದು ನಮ್ಮವ್ವ ಸಾಯುವವರೆಗೆ ಹೇಳುತ್ತಿದ್ದಳು. ನನ್ನ ಪುಟದ ಕೊನೆಯಲ್ಲಿ ಅದೇ ಮಾತನ್ನು ಬರೆದೆ. ಕಂಬಳಿ ಹೇಗಿತ್ತು ಬರಿ, ಓದುವವರ ಕಣ್ಣಿಗೆ ಕಟ್ಟಬೇಕು ಎಂದು ರೇಣುಕಾಳೇ ಹೇಳಿದ್ದಕ್ಕೆ ಅಂಚಿನ ವಿವರವನ್ನೂ ಬರೆದೆ. ಎರಡು ಕೆಂಪು ಗೆರೆ, ನಡುವೆ ಬಿಟ್ಟುಬಿಟ್ಟು ಬರುವ ಬಿಳಿ ಗೆರೆ.

ಒಂದು ಸಂಗತಿ ಮಾತ್ರ ಬರೆಯಲಿಲ್ಲ. ಅಕ್ಕ ಅಂದು ಹಾಕಿಕೊಂಡು ಹೋದದ್ದು ನನ್ನ ಚಪ್ಪಲಿ. ನೀಲಿ ಹವಾಯಿ ಚಪ್ಪಲಿ, ಎಡಗಾಲಿನ ಪಟ್ಟಿ ಕಿತ್ತುಹೋಗಿ ಪಿನ್ನು ಹಾಕಿದ್ದೆ. ನನ್ನನ್ನು ಕೇಳದೆ ಹಾಕಿಕೊಂಡು ಹೋಗಿ, ಎಲ್ಲೋ ಕಳೆದು ಬರಿಗಾಲಲ್ಲಿ ಸಿಕ್ಕಳು ಎಂದು ನಾನು ಹಟ ಹಿಡಿದೆ. ಚಪ್ಪಲಿ ತಂದುಕೊಟ್ಟರೆ ಮಾತ್ರ ಆಸ್ಪತ್ರೆಗೆ ಬರುತ್ತೇನೆ ಎಂದು ನಾಲ್ಕು ದಿನವೂ ಹೋಗಲಿಲ್ಲ. ಅವಳ ಮುಖ ನೋಡಿದ್ದು ಹೆಣವಾಗಿ ಬಂದ ಮೇಲೆ. ಇದನ್ನು ನಾನು ನನ್ನ ಗಂಡನಿಗೂ ಹೇಳಿರಲಿಲ್ಲ. ಇವತ್ತೇ ಮೊದಲು ಬರೆಯುತ್ತಿದ್ದೇನೆ.

ಆ ಪುಟವನ್ನು ಅವರ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದ ದಿನ ರೇಣುಕಾ ದಾರದ ಉಂಡೆ ಸುತ್ತುತ್ತ ಕೂತಳು. ಹಾಲವ್ವನ ಕದಿರು ನಿಂತಿತು. ಮುದುಕಿ ಎದ್ದು ಒಳಗೆ ಹೋದವಳು ಸಂಜೆಯವರೆಗೆ ಹೊರಗೆ ಬರಲಿಲ್ಲ. ನಾನು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಒಂದೆರಡು ವಾರದ ಮೇಲೆ ರೇಣುಕಾ ಪೆನ್ಸಿಲಿನಲ್ಲಿ ಬರೆದ ಒಂದು ಹಾಳೆ ತಂದಳು. ನಾಲ್ಕೇ ಸಾಲು, ಹೆಸರು 'ಬಾಗಿಲು'. ಮನೆಯಲ್ಲಿ ಬೀಗರು ಕೂತಿದ್ದಾಗ ಗೊತ್ತಿಲ್ಲದ ಹುಡುಗಿಯೊಬ್ಬಳು ಬರುತ್ತಾಳೆ, ಅವಳನ್ನು ಹಿತ್ತಲ ಬಾಗಿಲಿನಿಂದ ಕಳಿಸಿಬಿಡುತ್ತಾರೆ, ಅಷ್ಟು. ಓದಿ, 'ಇದೇನಲೇ, ಸಿನಿಮಾ ಆತಲ್ಲ. ಯಾರ ಹಂಗ ಹಿತ್ತಲ ಬಾಗಲಿಂದ ಕಳಸ್ತಾರ? ಬ್ಯಾಡ ತಗಿ' ಎಂದೆ. ಅವಳು ಹಾಳೆ ಮುದ್ದೆ ಮಾಡಿ ಮೂಲೆಗೆ ಎಸೆದಳು. ಹಾಲವ್ವ ಹೋಗಿ ಅದನ್ನು ಎತ್ತಿಕೊಂಡಳು. ಅವಳಿಗೆ ಓದು ಬರದು, ನಾನು ಗಟ್ಟಿಯಾಗಿ ಓದಿದ್ದನ್ನು ಕೇಳಿದ್ದಳು. ಮಂಡಿಯ ಮೇಲಿಟ್ಟು ಸುಕ್ಕು ಬಿಡಿಸಿ, 'ಸ್ಟೇಷನ್ ಬೆಂಚಿ'ನ ಪಕ್ಕದಲ್ಲಿಟ್ಟು, ಎರಡರ ನಡುವೆ ಒಂದು ಕರಿ ದಾರ ಎಳೆದಳು. 'ಇದಕ್ಕೂ ಅದಕ್ಕೂ ದಾರಿ ಐತಿ. ಇರ್ಲಿ' ಎಂದಳು. ರೇಣುಕಾ ಅಷ್ಟು ಜೋರಾಗಿ ತಾಯಿಯ ಮೇಲೆ ರೇಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ದಾರ ಕಿತ್ತು, ಹಾಳೆಯನ್ನು ಒಲೆಗೆ ಹಾಕಿಬಂದಳು. ನಾನು ನಕ್ಕೆ. ಆ ಹಾಳೆ ಕಂಪ್ಯೂಟರಿಗೆ ಹೋಗಲೇ ಇಲ್ಲ.

ಇನ್ನು ಆ ದಿನಕ್ಕೆ ಬರುತ್ತೇನೆ. ಕಥೆಯನ್ನು ಎಲ್ಲರಿಗೂ ತೆರೆದು ತೋರಿಸುವ ಸಣ್ಣ ಕಾರ್ಯಕ್ರಮವನ್ನು ಹಗರಿಬೊಮ್ಮನಹಳ್ಳಿಯಲ್ಲಿ ಇಟ್ಟುಕೊಂಡಿದ್ದೆವು. ಬಂದವರೆಲ್ಲ ತಮ್ಮ ತಮ್ಮ ಮೊಬೈಲಿನಲ್ಲಿ ಓದಬೇಕು, ಆಮೇಲೆ ಯಾರಿಗೆ ಯಾವ ದಾರಿ ಸಿಕ್ಕಿತು ಎಂದು ಮಾತಾಡಬೇಕು. ಕೊನೆಯ ಎರಡು ವಾರ ಪರೀಕ್ಷೆಯ ಕೆಲಸದಿಂದ ನಾನು ಕೊಟ್ಟೂರಿಗೆ ಹೋಗಿರಲಿಲ್ಲ. ಬಸ್ಸಿನಲ್ಲಿ ಬರುತ್ತ ನನ್ನ ಪುಟ ನೋಡೋಣ ಎಂದು ತೆರೆದೆ. ಸಿಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಹೊರಟು ಹಗರಿಬೊಮ್ಮನಹಳ್ಳಿಯ ದಾರಿ ಹಿಡಿದೆ, ಇಲ್ಲ. ಹಡಗಲಿಯ ದಾರಿಯಿಂದ ಹೋದೆ, ಇಲ್ಲ. ನೆಲದ ಮೇಲೆ ಕರಿ ದಾರ ಎಳೆದಿದ್ದ ಮೂರು ದಾರಿಗಳೂ ಇರಲಿಲ್ಲ. ಕೆಂಪಾಗಿರಬೇಕಿದ್ದ ಮಾತುಗಳೆಲ್ಲ ಕಪ್ಪಗೆ ಕೂತಿದ್ದವು.

ಸಭಾಂಗಣದ ಬಾಗಿಲಲ್ಲೇ ರೇಣುಕಾಳನ್ನು ಹಿಡಿದು ಕೇಳಿದೆ. ತಪ್ಪಾಗಿರಬೇಕು, ಈಗ ಸರಿಮಾಡುತ್ತೇನೆ ಎನ್ನುತ್ತಾಳೆ ಎಂದೇ ನನ್ನ ಲೆಕ್ಕ. ಅವಳು ನೆಲ ನೋಡುತ್ತ, 'ಅಳಿಸಿಲ್ಲಲೇ. ಪುಟ ಐತಿ. ದಾರಿ ಅಷ್ಟ ತಗದೀನಿ' ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಯಾರೋ ಕರೆದರೆಂದು ಹೋಗಿಬಿಟ್ಟಳು. ನನಗೆ ಕೆನ್ನೆಗೆ ಹೊಡೆದಂತಾಯಿತು. ಅಳಿಸಿದ್ದರೆ ಜಗಳವಾಡಬಹುದಿತ್ತು. ಇದು ಅದಕ್ಕಿಂತ ಕಡೆ. ನನ್ನ ಅಕ್ಕನನ್ನು ಒಂದು ಕೋಣೆಯಲ್ಲಿಟ್ಟು ಸುತ್ತ ಗೋಡೆ ಕಟ್ಟಿ, ಒಳಗೆ ಇದ್ದಾಳಲ್ಲ ಎಂದ ಹಾಗೆ. ಮೂರು ವರ್ಷ ಅವರ ಮನೆಯಲ್ಲಿ ಉಂಡು, ಮಲಗಿ, ಚಪ್ಪಲಿಯ ಮಾತೊಂದು ಬಿಟ್ಟು ನನ್ನ ಮನೆಯವರಿಗೂ ಹೇಳದ್ದನ್ನೆಲ್ಲ ಅವಳಿಗೆ ಹೇಳಿದ್ದೆ. ನನ್ನ ಬೆನ್ನಿಗೆ ಅವಳು ಹೀಗೆ ಮಾಡಿದಳು.

ಅಲ್ಲಿಂದಲೇ ವಾಪಸ್ಸು ಹೋಗಬೇಕೆಂದಿದ್ದೆ. ಹಿಂದಿನ ಸಾಲಿನಲ್ಲಿ ಹಾಲವ್ವ ಒಬ್ಬಳೇ ಕೂತಿದ್ದಳು. ಕೈ ಮಾಡಿ ಕರೆದಳು. ಅವಳೇನು ಮಾಡಿದ್ದಾಳೆ ಪಾಪ ಎಂದುಕೊಂಡು ಪಕ್ಕದಲ್ಲಿ ಕೂತೆ. ಎಲ್ಲರೂ ಮೊಬೈಲು ಹಿಡಿದು ಓದತೊಡಗಿದ್ದರು. 'ನನಗೂ ಒಂದೀಟು ತೋರ್ಸವ್ವಾ, ಅಷ್ಟು ದಾರ ನೂತು ಕೊಟ್ಟೀನಿ' ಎಂದಳು. ಕಥೆಯ ಮೊದಲ ಪುಟ ತೆರೆದು ಮೊಬೈಲನ್ನು ಅವಳ ಕೈಗಿಟ್ಟೆ. ಕೆಂಪಾಗಿ ಕಂಡದ್ದನ್ನು ಅವಳು ಮುಟ್ಟುವುದು, ಬಂದದ್ದನ್ನು ನಾನು ಅವಳ ಕಿವಿಯ ಹತ್ತಿರ ಬಗ್ಗಿ ಓದಿ ಹೇಳುವುದು. 'ಬಸ್‌ಸ್ಟ್ಯಾಂಡ್' ಓದಿದೆ. ಅವಳು ಮುಟ್ಟಿದಳು, 'ನೀರು' ಎಂಬ ಪುಟ ಬಂತು. ಓದಿದೆ. ಮತ್ತೆ ಮುಟ್ಟಿದಳು. ಬಂದ ಪುಟದ ಮೇಲೆ 'ಬಾಗಿಲು' ಎಂದಿತ್ತು.

ಓಹೋ, ರೇಣುಕಾ ಇದನ್ನೂ ಗುಟ್ಟಾಗಿ ಸೇರಿಸಿದ್ದಾಳೆ ಎಂದು ಮೊದಲು ನನಗೆ ಹೊಳೆದದ್ದು ಇಷ್ಟೇ. ಸಿಟ್ಟಿನಲ್ಲೇ ಓದತೊಡಗಿದೆ. ಆದರೆ ನಾಲ್ಕು ಸಾಲಿಗೆ ಅದು ಮುಗಿಯಲಿಲ್ಲ. ಅಲ್ಲಿದ್ದದ್ದನ್ನು ನನಗೆ ನೆನಪಿದ್ದಂತೆ ಇಲ್ಲಿ ಬರೆಯುತ್ತೇನೆ. ಒಂದೆರಡು ಮಾತು ಹಿಂದುಮುಂದಾಗಿರಬಹುದು, ಸಂಗತಿ ಮಾತ್ರ ಇದೇ.

'ಪಡಸಾಲೆಯಲ್ಲಿ ಬೀಗರು ಕೂತಿದ್ದರು. ಹುಡುಗಿ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವಳನ್ನು ಹಿತ್ತಲ ಬಾಗಿಲಿನಿಂದ ಕಳಿಸಿದರು. ಚಪ್ಪಲಿ ಮುಂದೆಯೇ ಉಳಿಯಿತು. ನೀಲಿ ಚಪ್ಪಲಿ, ಎಡಗಾಲಿನ ಪಟ್ಟಿಗೆ ಪಿನ್ನು. ಹಿತ್ತಲು ದಾಟುವಾಗ ಹುಡುಗಿ ತಿರುಗಿ ನಿಂತು, ಅವು ನನ್ನವಲ್ಲ, ನನ್ನ ತಂಗಿಯವು, ಅವಳು ಅಳುತ್ತಿರುತ್ತಾಳೆ, ಕೊಟ್ಟು ಕಳಿಸಿರಿ ಎಂದಳು. ಕಳಿಸುತ್ತೇನೆ ಹೋಗು ಎಂದು ಮನೆಯಾಕೆ ಕಂಬಳಿ ಹೊದಿಸಿದಳು.'

ಪಿನ್ನಿನವರೆಗೆ ನನ್ನ ದನಿ ಬಂತು. ಮುಂದಿನದನ್ನು ಹೇಗೆ ಓದಿದೆನೋ ಗೊತ್ತಿಲ್ಲ, ಓದಿದ್ದಂತೂ ನಿಜ, ಏಕೆಂದರೆ ಹಾಲವ್ವ ಪೂರಾ ಕೇಳಿದ್ದಳು. ಫ್ಯಾನಿನ ಸದ್ದು, ಮುಂದಿನ ಸಾಲಿನಲ್ಲಿ ಯಾರೋ ನಗುವುದು, ಎಲ್ಲ ಹಾಗೆಯೇ ಇದ್ದವು. 'ಕಂಬಳಿ' ಎಂಬ ಮಾತು ಕೆಂಪಾಗಿತ್ತು. ಮುದುಕಿಯ ಹೆಬ್ಬೆರಳು ಅದರ ಮೇಲೆ ಬಿತ್ತು. ನನ್ನ ಪುಟ ತೆರೆದುಕೊಂಡಿತು. ಸ್ಟೇಷನ್ ಬೆಂಚು.

ಹಾಲವ್ವ ಮೊಬೈಲನ್ನು ನನ್ನ ಮಡಿಲಿಗಿಟ್ಟು ಎರಡೂ ಕೈಯಿಂದ ನನ್ನ ಕೈ ಹಿಡಿದಳು. 'ಇದನ್ನ ರೇಣಿ ಬರದಿಲ್ಲ ಯವ್ವಾ, ಆಕಿಗೆ ಗೊತ್ತಿಲ್ಲ. ಹಿತ್ತಲದಾಗ ನಾನೊಬ್ಬಾಕಿನ ಇದ್ದೆ' ಎಂದಳು. ಆಮೇಲೆ ಹೇಳಿದಳು. ಜೋರಾಗಿ ಅಳಲಿಲ್ಲ, ತಡವರಿಸಲೂ ಇಲ್ಲ. ಎಷ್ಟೋ ವರ್ಷದಿಂದ ಹೇಳಬೇಕೆಂದು ಕಾದಿದ್ದವಳ ಹಾಗೆ ಒಂದೇ ಸಮ ಹೇಳಿದಳು.

'ನಮ್ಮ ಮೈಲಾರಿ ನಿಮ್ಮೂರ ಹೊಲದಾಗ ಗೊಬ್ಬರಕ್ಕ ಕುರಿ ನಿಲ್ಸಾಕ ಬರ್ತಿದ್ದ. ಇಬ್ರಿಗೂ ಮಾತುಕತಿ ಆಗ್ಯಾವ ಅಂತ ನನಗ ಆ ದಿನಾನ ಗೊತ್ತಾಗಿದ್ದು. ಅವತ್ತ ಅವನ ನಿಶ್ಚಿತಾರ್ಥ. ಹೆಣ್ಣು ನಮ್ಮಣ್ಣನ ಮಗಳು, ಬೀಗರೆಲ್ಲ ಪಡಸಾಲ್ಯಾಗ ಕುಂತಾರ. ನಿಮ್ಮಕ್ಕ ಬಂದು ಅವನ ಹೆಸರು ಹಿಡದು ಕೇಳಿದ್ಲು. ಮೈ ಸುಡ್ತಿತ್ತು. ಕೈ ಹಿಡದು ಅಡಿಗಿಮನಿ ಹಾದು ಹಿತ್ತಲಕ ಕರಕೊಂಡು ಹೋದೆ. ನಡುಗಾಕತ್ತಿದ್ಲು ಅಂತ ಆಗಿಂದಾಗ ಮಗ್ಗದಿಂದ ಇಳಿಸಿದ ಕಂಬಳಿ ಹೊದಿಸಿದೆ. ಊರಿಗೆ ಹೋಗವ್ವಾ ಅಂದೆ. ಒಂದು ಲೋಟ ನೀರು ಸೈತ ಕೊಡ್ಲಿಲ್ಲ. ಕೊಟ್ರ ಕುಂತಾಳು ಅಂತ ಅಂಜಿದೆ.' ಆಮೇಲೆ, 'ಆಕಿ ನಿಮ್ಮಕ್ಕ ಅಂತ ನೀ ಬೆಂಚಿನ ಹಾಳಿ ಓದಿದ ದಿನ ಗೊತ್ತಾತು. ಸತ್ತಾಳ ಅಂತಾನೂ ಅವತ್ತ ಗೊತ್ತಾತು' ಎಂದಳು.

ನನ್ನ ಕೈ ಬಿಡಿಸಿಕೊಂಡೆ. ಅಷ್ಟು ಮಾತ್ರ ನೆನಪಿದೆ. ಇಪ್ಪತ್ತೈದು ವರ್ಷ ನಮ್ಮವ್ವ ಕೈಮುಗಿದ ಆ ಕೈ, ಮೂರು ವರ್ಷ ನನಗೆ ರೊಟ್ಟಿ ತಟ್ಟಿ ಹಾಕಿದ ಕೈ, ಅದೇ ನನ್ನ ಅಕ್ಕನನ್ನು ಹಿತ್ತಲಿನಿಂದ ಹೊರಗೆ ಹಾಕಿದ್ದು.

ಮೊಬೈಲು ಹಿಡಿದು ರೇಣುಕಾಳ ಹತ್ತಿರ ಹೋದೆ. ಜನರ ನಡುವಿನಿಂದ ಅವಳನ್ನು ಹೊರಗೆ, ಕಾಂಪೌಂಡಿನ ಬೇವಿನ ಮರದ ಹತ್ತಿರ ಎಳೆದುಕೊಂಡು ಹೋದೆ. ನನ್ನ ಪುಟ ಇನ್ನೂ ತೆರೆದೇ ಇತ್ತು. ಕೆಳಗಿನ ಸಾಲು ತೋರಿಸಿದೆ. ಬಸ್‌ಸ್ಟ್ಯಾಂಡ್, ನೀರು, ಬಾಗಿಲು, ಸ್ಟೇಷನ್ ಬೆಂಚು. ಅವಳು ಓದಿದಳು, ಎರಡನೆಯ ಸಲ ಓದಿದಳು. 'ಬಾಗಿಲು ಅಂತ ಪುಟಾನ ಇಲ್ಲಲೇ' ಎಂದಳು. ಆ ಹೆಸರನ್ನು ಮುಟ್ಟಿದಳು. ಪುಟ ಸಿಗಲಿಲ್ಲ ಎಂದು ಬಂತು. ಹಿಂದಕ್ಕೆ ಹೋದಳು, ಪುಟ ಸಿಗಲಿಲ್ಲ. ಮೊದಲಿನಿಂದ ತೆರೆದು 'ನೀರು' ಪುಟಕ್ಕೆ ಹೋದರೆ ಅಲ್ಲಿ ಎರಡೇ ಕೆಂಪು ಮಾತುಗಳಿದ್ದವು, ಎರಡೂ ಬೇರೆ ಕಡೆಗೆ ಹೋಗುವಂಥವು. ತನ್ನ ಲ್ಯಾಪ್‌ಟಾಪು ತಂದು ಅಷ್ಟೂ ಪುಟಗಳ ಪಟ್ಟಿ ತೋರಿಸಿದಳು. ಐವತ್ತೆಂಟು. ಅದರಲ್ಲಿ ಬಾಗಿಲು ಇರಲಿಲ್ಲ.

ಅಲ್ಲಿ ಏನಿತ್ತು ಎಂದು ಕೇಳಿದಳು. ಚಪ್ಪಲಿಯ ಮಾತು ಹೇಳಿದೆ. ಯಾವ ಚಪ್ಪಲಿ ಎಂದಳು. ಅಕ್ಕ ಬಂದ ದಿನ ಅವಳು ಹತ್ತು ವರ್ಷದ ಹುಡುಗಿ, ಅಡುಗೆಮನೆಯಲ್ಲಿ ಕೂತು ಎಲ್ಲ ನೋಡಿದ್ದಳಂತೆ. ಹಿತ್ತಲಿನಲ್ಲಿ ಆಡಿದ ಮಾತು ಅವಳಿಗೆ ಕೇಳಿಸಿರಲಿಲ್ಲ. ಚಪ್ಪಲಿಯ ವಿಷಯ ಅವಳಿಗೆ ತಿಳಿದೇ ಇರಲಿಲ್ಲ.

'ದಾರಿ ಯಾಕ ಕಡದಿ?' ಎಂದೆ.

'ಅಂಚು ಬರದಿಯಲ್ಲ. ಒಂದೊಂದು ಮನಿಗೆ ಒಂದೊಂದು ಅಂಚು ಇರ್ತೈತಿ. ಎರಡು ಕೆಂಪು, ನಡುವ ತುಂಡು ಬಿಳಿ, ಅದು ನಮ್ಮಪ್ಪಂದು. ಕಂಬಳಿ ನೇಯೋರು ಯಾರ ಓದಿದ್ರೂ ನಮ್ಮ ಮನಿ ಅಂತ ಗೊತ್ತಾಕೈತಿ. ಈ ವಯಸ್ಸಿನ್ಯಾಗ ನಮ್ಮವ್ವ ಜನರ ಬಾಯಿಗೆ ಬೀಳೋದು ನನಗ ನೋಡಾಕ ಆಗ್ಲಿಲ್ಲ.'

'ನನಗ ಹೇಳಬೇಕಿತ್ತಲ್ಲ.'

'ಹೇಳಾಕ ಬಂದಿದ್ದೆ. ಪೆನ್ಸಿಲ್ಲಿಲೆ ಬರದು ನಿನ್ನ ಕೈಯಾಗ ಕೊಟ್ಟೆ. ನೀನ ಸಿನಿಮಾ ಅಂದಿ.'

ಅಂದದ್ದು ನಿಜ. ಹಾಗೆಂದು ಅವಳ ಮೇಲಿನ ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಅಕ್ಕನ ಸಾವಿನ ಕಥೆಯನ್ನು ಅದೇ ಪಡಸಾಲೆಯಲ್ಲಿ ಕೂತು ಓದಿದ್ದೇನೆ, ಅವರಿಬ್ಬರೂ ಕೇಳಿದ್ದಾರೆ. ಆಮೇಲೂ ಎಷ್ಟೋ ಭಾನುವಾರ ನನ್ನ ಮುಂದೆ ತಟ್ಟೆ ಇಟ್ಟು ಉಣ್ಣು ಎಂದಿದ್ದಾರೆ. ನಾಲ್ಕು ಸಾಲು ಬರೆದು ಕೊಡುವುದು ಬೇರೆ, ಮುಖ ನೋಡಿ ಬಾಯಿಬಿಟ್ಟು ಹೇಳುವುದು ಬೇರೆ.

ಸಂಜೆ ಹಾಲವ್ವ ಬಸ್ಸಿಗೆ ಹತ್ತುವ ಮುಂಚೆ, 'ನನ್ನ ಸಂಗಡ ಮನಿಗೆ ಬಾ, ಒಂದು ಸಾಮಾನು ಕೊಡೋದೈತಿ' ಎಂದಳು. ಹೋಗಬಾರದು ಎಂದುಕೊಂಡೇ ಹೋದೆ. ದಾರಿಯುದ್ದಕ್ಕೂ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು. ಮನೆ ಮುಟ್ಟಿದ ಮೇಲೆ ರೇಣುಕಾ ಏಣಿ ಹಾಕಿ ಅಟ್ಟ ಹತ್ತಿ, ತಾಯಿ ಹೇಳಿದಂತೆ ಮಗ್ಗದ ಮರಗಳನ್ನು ಸರಿಸಿ, ಹಿಂದಿದ್ದ ಒಂದು ಗಂಟು ಇಳಿಸಿದಳು. ಅದೇನೆಂದು ಅವಳಿಗೂ ಗೊತ್ತಿರಲಿಲ್ಲ. ಬಿಚ್ಚಿದವಳು ಹಾಲವ್ವ. ಚಪ್ಪಲಿಯ ನೀಲಿ ಮಾಸಿ ಬೂದು ಬಣ್ಣವಾಗಿತ್ತು. ಪಿನ್ನಿಗೆ ತುಕ್ಕು ಹಿಡಿದು ಪಟ್ಟಿಗೆ ಅಂಟಿಕೊಂಡಿತ್ತು. ಯಾವ ಊರು, ಯಾರ ಮನೆ ಎಂದು ಕೇಳದೆ ಕಳಿಸಿಬಿಟ್ಟೆ, ಎಲ್ಲಿಗೆಂದು ಕೊಟ್ಟು ಕಳಿಸಲಿ, ಬಿಸಾಡಲೂ ಕೈ ಬರಲಿಲ್ಲ ಎಂದಳು. ನಾನು ಅವನ್ನು ಎದೆಗೆ ಒತ್ತಿಕೊಂಡು ಅವರಿಬ್ಬರ ಮುಂದೆಯೇ ಗೋಳೋ ಎಂದು ಅತ್ತೆ.

ಆಮೇಲೆ ಆ ಮನೆಗೆ ಹೋಗಿಲ್ಲ. ರೇಣುಕಾ ಒಂದೆರಡು ಸಲ ಫೋನ್ ಮಾಡಿದಳು, ನಿನ್ನ ಪುಟಕ್ಕೆ ದಾರಿ ಹಾಕಲೇನು ಎಂದು ಕೇಳಿದಳು. ಬೇಡ ಎಂದೆ. ಕಥೆ ಈಗಲೂ ಇದೆ, ಜನ ಓದುತ್ತಾರೆ, ನನ್ನ ಪುಟಕ್ಕೆ ಯಾರೂ ಬರುವುದಿಲ್ಲ. ಅದರ ವಿಳಾಸ ಗೊತ್ತಿರುವುದರಿಂದ ನಾನೊಬ್ಬಳು ಆಗಾಗ ತೆರೆದು ನೋಡುತ್ತೇನೆ. ಕಂಬಳಿ ಹೊದಿಸಿದ ಕೈ ತಣ್ಣಗಿರಲಿ ಎಂಬ ಸಾಲನ್ನು ತೆಗೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಆದರೆ ಅಂಥ ಜ್ವರದಲ್ಲಿ ಅವಳ ಮೈಮೇಲೆ ಇದ್ದದ್ದು ಅದೊಂದೇ. ತೆಗೆಯಲು ಆಗಿಲ್ಲ.

ಮೊಬೈಲಿನಲ್ಲಿ ಕಂಡದ್ದರ ಬಗ್ಗೆ ಬಲ್ಲವರನ್ನು ಕೇಳಿದ್ದೇನೆ. ಹಳೆಯದೇನೋ ಒಳಗೆ ಉಳಿದಿದ್ದಿರಬೇಕು ಎಂದರು. ಒಳಗೆ ಇರಲು ಅದನ್ನು ಯಾರೂ ಹಾಕಿರಲೇ ಇಲ್ಲ. ಸಿಟ್ಟಿನಲ್ಲಿ ನಿನಗೆ ಹಾಗೆ ಕಂಡಿರಬೇಕು ಎಂದ ನನ್ನ ಗಂಡ. ಅವಳು ತಿರುಗಿ ನಿಂತು ಹೇಳಿದ ಮಾತು ನನಗೆ ಗೊತ್ತಿರಲಿಲ್ಲವಲ್ಲ, ಗೊತ್ತಿಲ್ಲದ್ದು ಹೇಗೆ ಕಂಡೀತು? ಕೆಳಗಿನ ಸಾಲಿನ ನಾಲ್ಕು ಹೆಸರನ್ನು ರೇಣುಕಾಳೂ ಓದಿದ್ದಾಳೆ. ಕೊಟ್ಟೂರಿನ ಆ ಹಿತ್ತಲಿನಿಂದ ಅಕ್ಕ ಸ್ಟೇಷನ್ನಿಗೆ ಹೇಗೆ ಹೋದಳು ಎಂಬುದೂ ಸೇರಿ, ಇದಕ್ಕಿಂತ ಹೆಚ್ಚಿಗೆ ನನಗೆ ಏನೂ ತಿಳಿದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ ಈಗ ನಾನು ಎಚ್ಚರ ಇದ್ರೇನ್ರಿ ಎಂದು ಕೇಳುವುದಿಲ್ಲ.

ಚಪ್ಪಲಿಯನ್ನು ಆ ಕಂಬಳಿಯ ಜೊತೆಗೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ಇಡುವ ಮುಂಚೆ ಒಂದು ಸಲ ಕಾಲಿಗೆ ಹಾಕಿ ನೋಡಿದೆ. ಹನ್ನೆರಡು ವರ್ಷದ ಹುಡುಗಿಯ ಚಪ್ಪಲಿ, ಹಿಮ್ಮಡಿ ಪೂರ್ತಿ ಹೊರಗೇ ಉಳಿಯಿತು. ಅಕ್ಕ ಅದನ್ನೇ ಹಾಕಿಕೊಂಡು ಊರಿನಿಂದ ಕೊಟ್ಟೂರಿನವರೆಗೆ ಹೋಗಿದ್ದಳು.